ಅತಿಥಿ ಹೋದ ಮರುದಿನದ ಪಾಠ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕನ್ನಡ ಸಾಲಿಯಲ್ಲಿ ಇಂಗ್ಲಿಷ್ ಮಾದರಿ ಪಾಠ ಇದೆ ಎಂದರೆ ಅದು ಅರ್ಧ ಪಾಠ, ಅರ್ಧ ಸಮಾರಂಭ. ಸುತ್ತಲಿನ ಶಾಲೆಗಳನ್ನು ಕೂಡಿಸಿದ ಕ್ಲಸ್ಟರಿನ ಶಿಕ್ಷಕರು ಗೋಡೆಗುಂಟ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಕೈಯಲ್ಲಿ ಪಾಠ ವೀಕ್ಷಣೆಯ ನಮೂನೆ ಇರುತ್ತದೆ. ಚುರುಕಾದ ಮಕ್ಕಳು ಹೇಗೋ ಮುಂದಿನ ಸಾಲಿಗೆ ಬಂದಿರುತ್ತಾರೆ. ಪಾಠ ಮಾಡಲು ಬಂದವರು ಬೆಂಗಳೂರಿನ ಸಂಪನ್ಮೂಲ ವ್ಯಕ್ತಿಯಾದರೆ ಒಂದು ಬಗೆಯ ಕುತೂಹಲ. ಅಪರೂಪಕ್ಕೆ ಪರದೇಶದವರೇ ಬಂದರೆ ಪಕ್ಕದ ತರಗತಿಯ ಮಕ್ಕಳೆಲ್ಲ ಕಿಟಕಿಗೆ ಜೋತು ಬೀಳುವಷ್ಟು ಕುತೂಹಲ. ಹಾಡು, ಚಿತ್ರ, ಆಟ, ಚಪ್ಪಾಳೆ. ನಲವತ್ತು ನಿಮಿಷ ಮುಗಿಯುವ ಹೊತ್ತಿಗೆ ಎಲ್ಲರಿಗೂ ಸಂತೋಷ. ಚಹಾ ಕುಡಿದು ಹೊರಡುವಾಗ ಶಿಕ್ಷಕರ ನಡುವೆ ಒಂದು ಮಾತು ಓಡಾಡುತ್ತದೆ: “ಪಾಠ ಭಾಳ ಛಲೋ ಇತ್ರಿ. ಆದ್ರ ನಮ್ಮ ಕ್ಲಾಸಿನ್ಯಾಗ ಇದು ಆಗೂದಿಲ್ರಿ.”

ಈ ಮಾತನ್ನು ಸೋಮಾರಿಗಳ ನೆಪವೆಂದು ತಳ್ಳಿಹಾಕುವ ಅಧಿಕಾರಿಗಳಿದ್ದಾರೆ, ತರಬೇತುದಾರರಿದ್ದಾರೆ. ನನಗೆ ಮಾತ್ರ ಆ ದಿನ ಆ ಶಾಲೆಯಲ್ಲಿ ಆಡಿದ ಮಾತುಗಳಲ್ಲೆಲ್ಲ ಅದೇ ಹೆಚ್ಚು ಪ್ರಾಮಾಣಿಕವಾದದ್ದು ಎನಿಸುತ್ತದೆ. ಮಾದರಿ ಎಂದು ಕರೆದ ಮೇಲೆ ಅದನ್ನು ಮತ್ತೊಬ್ಬರು ಮಾಡಲು ಬರಬೇಕು. ಮಾಡಲು ಬಾರದ್ದು ಪ್ರದರ್ಶನವಾದೀತು, ಮಾದರಿಯಾಗದು. ಆದ್ದರಿಂದ ಇಂಥ ಪಾಠದ ಬೆಲೆ ಕಟ್ಟಬೇಕಾದದ್ದು ಅತಿಥಿ ಹೋದ ಮೇಲೆ, ಅದೇ ಕೋಣೆಯಲ್ಲಿ, ಅದೇ ಮಕ್ಕಳೊಡನೆ, ಕಾಯಂ ಶಿಕ್ಷಕರು ಮಾಡುವ ಪಾಠವನ್ನು ನೋಡಿ. ನಮ್ಮ ವ್ಯವಸ್ಥೆ ಆ ಎರಡನೆಯ ಪಾಠವನ್ನು ನೋಡುವುದೇ ಇಲ್ಲ. ಅದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ, ಭತ್ಯೆಯ ಬಿಲ್ಲೂ ಇಲ್ಲ.

ಹೊರಗಿನವರಿಂದ ಇಂಗ್ಲಿಷ್ ಕಲಿಯುವುದು ಬೆಳಗಾವಿ ಜಿಲ್ಲೆಗೆ ಹೊಸದೇನೂ ಅಲ್ಲ. ಲಂಡನ್ ಮಿಷನರಿ ಸೊಸೈಟಿ 1820ರಲ್ಲೇ ಬೆಳಗಾವಿಯಲ್ಲಿ ನೆಲೆಯೂರಿತು. ಮುಂದೆ ಅಲ್ಲಿ ಇಂಗ್ಲಿಷ್ ಶಾಲೆಯನ್ನೂ ನಡೆಸಿತು. ಆ ಪಾದ್ರಿಗಳ ಉದ್ದೇಶದ ಬಗ್ಗೆ ತಕರಾರು ಇರಬಹುದು, ಇರಲೂಬೇಕು. ಆದರೆ ಒಂದು ಸಂಗತಿಯನ್ನು ಒಪ್ಪಬೇಕು: ಅವರು ಬಂದು ಉಳಿದರು. ವಿಲಿಯಂ ಬೇನನ್ ಅಂಥವರು ದಶಕಗಳನ್ನೇ ಇಲ್ಲಿ ಕಳೆದರು. ಊರಿನ ಮಾತು, ಊರಿನ ಜಗಳ, ಮಗು ಇವತ್ತು ಏಕೆ ಶಾಲೆಗೆ ಬರಲಿಲ್ಲ ಎಂಬ ಕಾರಣ, ಇವೆಲ್ಲ ಉಳಿದವರಿಗೆ ತಿಳಿಯುತ್ತವೆ. ನಲವತ್ತು ನಿಮಿಷಕ್ಕೆ ಬಂದವರಿಗೆ ತಿಳಿಯುವ ಬಗೆಯಿಲ್ಲ. ಅದು ಅವರ ತಪ್ಪೂ ಅಲ್ಲ.

ಸ್ವಾತಂತ್ರ್ಯದ ನಂತರ ಪರದೇಶದ ಪರಿಣತರ ಪಾತ್ರ ಬದಲಾಯಿತು. ಮಕ್ಕಳಿಗೆ ನೇರವಾಗಿ ಕಲಿಸುವ ಬದಲು ಶಿಕ್ಷಕರಿಗೆ ಕಲಿಸುವ ಕೆಲಸ ಶುರುವಾಯಿತು. ಹೈದರಾಬಾದಿನಲ್ಲಿ 1958ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್, ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿದವು. ಎರಡರ ಹಿಂದೆಯೂ ಬ್ರಿಟಿಷ್ ಕೌನ್ಸಿಲ್ಲಿನ ನೆರವು ಇತ್ತು. ಇದೇ ಕಾಲದಲ್ಲಿ ಮದ್ರಾಸ್ ರಾಜ್ಯದಲ್ಲಿ ನಡೆದ ಒಂದು ಯೋಜನೆಗೆ ‘ಮದ್ರಾಸ್ ಸ್ನೋಬಾಲ್’ ಎಂಬ ಅಡ್ಡಹೆಸರೇ ಬಿತ್ತು. ಕೆಲವರಿಗೆ ತರಬೇತಿ, ಅವರು ಇನ್ನು ಕೆಲವರಿಗೆ, ಅವರು ಮತ್ತಷ್ಟು ಮಂದಿಗೆ. ಹೀಗೆ 27,000 ಪ್ರಾಥಮಿಕ ಶಿಕ್ಷಕರನ್ನು ಮುಟ್ಟುವ ಗುರಿ. ಹಿಮದ ಉಂಡೆ ಉರುಳಿದಷ್ಟೂ ದಪ್ಪವಾಗುತ್ತದೆ ಎಂಬುದು ಯೋಜನೆ ಮಾಡಿದವರ ನಂಬಿಕೆ. ನಮ್ಮ ಬಿಸಿಲಿನ ನಾಡಿನಲ್ಲಿ ಉರುಳಿದಷ್ಟೂ ಕರಗುತ್ತದೆ ಎಂಬುದು ಅಂಥ ತರಬೇತಿಯ ಕಟ್ಟಕಡೆಯ ಸಾಲಿನಲ್ಲಿ ಕೂತವರ ಅನುಭವ. ರಾಜ್ಯ ಮಟ್ಟದಿಂದ ಜಿಲ್ಲೆಗೆ, ಜಿಲ್ಲೆಯಿಂದ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ (ಬಿಆರ್‌ಸಿ), ಬಿಆರ್‌ಸಿಯಿಂದ ಕ್ಲಸ್ಟರಿಗೆ ಇಳಿದು ಬರುವ ಇಂದಿನ ತರಬೇತಿಯೂ ಅದೇ ದಾರಿಯಲ್ಲಿದೆ. ಮೇಲೆ ಐದು ದಿನ ನಡೆದದ್ದು ಕೆಳಗೆ ಬರುವಷ್ಟರಲ್ಲಿ ಒಂದು ಮಧ್ಯಾಹ್ನವಾಗಿರುತ್ತದೆ. ಅದರಲ್ಲಿ ಉಳಿದ ಜೀವಂತ ತುಣುಕು ಎಂದರೆ ಆ ಮಾದರಿ ಪಾಠ. ಹಾಗಾಗಿಯೇ ಅದು ಹೇಗಿರಬೇಕು ಎಂಬ ಪ್ರಶ್ನೆ ಸಣ್ಣದಲ್ಲ.

ಈ ಪ್ರಶ್ನೆಗೆ ಹತ್ತಿರದ ಉತ್ತರ ಇರುವುದು ಬೆಂಗಳೂರಿನಲ್ಲೇ. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿ ಕೆಲಸ ಮಾಡುತ್ತಿದ್ದ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ‘ಬೆಂಗಳೂರು ಪ್ರಾಜೆಕ್ಟ್’ ಎಂದು ಜಗತ್ತಿನ ಇಂಗ್ಲಿಷ್ ಬೋಧನೆಯ ಪುಸ್ತಕಗಳಲ್ಲೆಲ್ಲ ಇಂದಿಗೂ ಬರುವುದು ಅದೇ. ವ್ಯಾಕರಣವನ್ನು ಕಂತು ಕಂತಾಗಿ ಕಲಿಸುವುದನ್ನು ಅಲ್ಲಿ ಬಿಟ್ಟುಬಿಟ್ಟರು. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಲೆಕ್ಕದ ಸಮಸ್ಯೆ ಇಂಥವನ್ನು ಮಕ್ಕಳ ಮುಂದಿಟ್ಟು, ಅದನ್ನು ಬಿಡಿಸುವ ಭರದಲ್ಲಿ ಭಾಷೆ ತಾನಾಗಿ ಒಳಗಿಳಿಯುತ್ತದೆಯೇ ಎಂದು ನೋಡಿದರು. ಪ್ರಭು ದೂರ ಕೂತು ಬೋಧಿಸಿದವರಲ್ಲ. ತಾವೇ ತರಗತಿಗೆ ಹೋಗಿ ಪಾಠ ಮಾಡಿದರು, ಬೇರೆಯವರು ಬಂದು ನೋಡಲು ಬಿಟ್ಟರು, ಚರ್ಚೆಗೆ ಒಡ್ಡಿಕೊಂಡರು. ಪ್ರಯೋಗದ ಕಥೆಯನ್ನು 1987ರಲ್ಲಿ ಪುಸ್ತಕವಾಗಿ ಬರೆದರು.

ಪ್ರಯೋಗದ ಮಕ್ಕಳು ಭಾಷೆಯನ್ನು ಅರ್ಥ ಮಾಡಿಕೊಳ್ಳುವುದರಲ್ಲಿ, ಬಳಸುವುದರಲ್ಲಿ ಮುಂದಿದ್ದಾರೆ ಎಂಬ ಸೂಚನೆ ಮೌಲ್ಯಮಾಪನದಲ್ಲಿ ಸಿಕ್ಕಿತು. ನಮಗೆ ಹೆಚ್ಚು ಮುಖ್ಯವಾದದ್ದು ಅದಕ್ಕೆ ಅಂಟಿಕೊಂಡೇ ಬಂದ ಇನ್ನೊಂದು ಪ್ರಶ್ನೆ: ಇದನ್ನು ಮಾಡಿದವರು ಯಾರು? ಪಾಠಗಳಲ್ಲಿ ಹೆಚ್ಚಿನವನ್ನು ಮಾಡಿದವರು ತರಬೇತುದಾರರು, ಇಂಗ್ಲಿಷಿನಲ್ಲಿ ಪಳಗಿದವರು; ಶಾಲೆಯ ಕಾಯಂ ಶಿಕ್ಷಕರು ಕಡಿಮೆ. ಪ್ರಯೋಗವನ್ನು ಅಭ್ಯಾಸ ಮಾಡಿದ ಅಲನ್ ಬೆರೆಟ್ಟಾ ಎಂಬ ಸಂಶೋಧಕರು 1990ರ ಲೇಖನವೊಂದರಲ್ಲಿ ಇದನ್ನೇ ಎತ್ತಿ ತೋರಿಸಿದರು. ಹೊರಗಿನಿಂದ ಬಂದವರು ಹೊಸ ವಿಧಾನವನ್ನು ಒಗ್ಗಿಸಿಕೊಂಡಿದ್ದರು. ಕಾಯಂ ಶಿಕ್ಷಕರ ಕೈಗೆ ಅದು ಅಷ್ಟಾಗಿ ಹತ್ತಿರಲಿಲ್ಲ. ಗೋಕಾಕದ ಶಿಕ್ಷಕರು ಹೊರಡುವಾಗ ಆಡುವ ಮಾತು ಮತ್ತು ಈ ವಿದ್ವತ್ಪೂರ್ಣ ಲೇಖನದ ತೀರ್ಮಾನ, ಎರಡರ ತಿರುಳೂ ಒಂದೇ.

ಪ್ರಭು ಅವರೇ ಅದೇ 1990ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಎಲ್ಲರಿಗೂ ಒಪ್ಪುವ ಶ್ರೇಷ್ಠ ವಿಧಾನ ಯಾವುದೂ ಇಲ್ಲ ಎಂದು ವಾದಿಸಿದರು. ಕಲಿಕೆ ಹೇಗೆ ನಡೆಯುತ್ತದೆ ಎಂಬ ಬಗ್ಗೆ ಪ್ರತಿ ಶಿಕ್ಷಕರಿಗೂ ತಮ್ಮದೇ ಆದ ಒಂದು ನಂಬಿಕೆ, ಒಂದು ಅಂದಾಜು ಇರುತ್ತದೆ. ಅದು ಜೀವಂತವಾಗಿದ್ದರೆ ಪಾಠ ಜೀವಂತ, ಅದು ಸತ್ತರೆ ಎಂಥ ವಿಧಾನವೂ ಯಾಂತ್ರಿಕ ಎಂಬುದು ಅವರ ವಾದದ ಸಾರ. ಇದನ್ನು ಒಪ್ಪಿದರೆ ಮಾದರಿ ಪಾಠದ ಕೆಲಸವೇ ಬೇರೆಯಾಗುತ್ತದೆ. ‘ಹೀಗೆ ಮಾಡಿ’ ಎಂದು ತೋರಿಸುವುದಕ್ಕಿಂತ, ನೋಡುತ್ತ ಕೂತ ಶಿಕ್ಷಕರ ಅಂದಾಜನ್ನು ಕೆದಕುವುದು ಅದರ ಕೆಲಸವಾಗಬೇಕು. ತನ್ನ ತರಗತಿಯ ಬಗ್ಗೆ ತಾನು ನಂಬಿದ್ದು ಸರಿಯೇ ಎಂಬ ಸಂಶಯವೊಂದು ಅವರ ಜೊತೆ ಮನೆಗೆ ಹೋಗಬೇಕು.

ಹಾಗಾದರೆ ಪರದೇಶದ ಶಿಕ್ಷಕರಿಂದ ಏನು ಪ್ರಯೋಜನ? ಉಚ್ಚಾರಣೆ ಎನ್ನುವುದು ಸಾಮಾನ್ಯ ಉತ್ತರ. ಅದು ದುರ್ಬಲ ಉತ್ತರ. ಒಂದು ದಿನ ಕೇಳಿದ ಉಚ್ಚಾರಣೆ ಮಗುವಿನ ನಾಲಿಗೆಗೆ ಹತ್ತುವುದಿಲ್ಲ. ಅಷ್ಟೇ ಆದರೆ ಚಿಂತೆಯಿಲ್ಲ. ತಮ್ಮ ಸರ್ ಆಡುವ ಇಂಗ್ಲಿಷ್, ತಮ್ಮ ಅಕ್ಕೋರು ಆಡುವ ಇಂಗ್ಲಿಷ್ ಎರಡನೇ ದರ್ಜೆಯದು ಎಂಬ ಪಾಠವನ್ನೂ ಮಕ್ಕಳು ಅದರ ಜೊತೆಗೇ ಕಲಿಯುತ್ತಾರೆ. ವರ್ಷವಿಡೀ ಕಲಿಸಬೇಕಾದವರ ಮೇಲಿನ ವಿಶ್ವಾಸ ಕುಗ್ಗಿಸಿ ಹೋಗುವ ಪಾಠ ಎಷ್ಟೇ ಸೊಗಸಾಗಿದ್ದರೂ ಶಾಲೆಗೆ ನಷ್ಟವೇ.

ಅವರ ನಿಜವಾದ ಉಪಯೋಗ ಬೇರೆ ಕಡೆ ಇದೆ. ಅವರಿಗೆ ಕನ್ನಡ ಬಾರದು, ಊರು ಗೊತ್ತಿಲ್ಲ. ಮಕ್ಕಳಿಗೆ ಊರು ಗೊತ್ತು, ಇಂಗ್ಲಿಷ್ ಅಷ್ಟಿಷ್ಟು ಗೊತ್ತು. ಆರನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಡೋಣ: ಅತಿಥಿ ಬೆಳಿಗ್ಗೆ ಮೂಡಲಗಿಯಿಂದ ಹೊರಟು ಗೋಕಾಕ ಫಾಲ್ಸ್ ನೋಡಿ, ತೂಗುಸೇತುವೆ ದಾಟಿ, ಪೇಟೆಯಲ್ಲಿ ಕರದಂಟು ಕೊಂಡು, ಸಂಜೆಯೊಳಗೆ ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹಿಡಿಯಬೇಕು. ಯಾವ ಬಸ್ಸು, ಎಲ್ಲಿ ಇಳಿಯಬೇಕು, ಎಷ್ಟು ಹೊತ್ತು ಉಳಿಯುತ್ತದೆ? ಕರದಂಟಿಗೆ ಏನೇನು ಹಾಕುತ್ತಾರೆ? ಇಲ್ಲಿ ಕೇಳುವವರಿಗೆ ನಿಜಕ್ಕೂ ಉತ್ತರ ಗೊತ್ತಿಲ್ಲ. ಮೇಜಿನ ಮೇಲಿದ್ದ ಪೆನ್ನು ತೋರಿಸಿ ಇದೇನು ಎಂದು ಕೇಳುವ ಶಿಕ್ಷಕರಿಗೆ ಅದು ಪೆನ್ನು ಎಂದು ಗೊತ್ತಿರುತ್ತದೆ, ಮಕ್ಕಳಿಗೂ ಅವರಿಗೆ ಗೊತ್ತಿದೆ ಎಂದು ಗೊತ್ತಿರುತ್ತದೆ. ಆ ಪ್ರಶ್ನೋತ್ತರ ನಾಟಕ. ಅಂಟು, ಒಣಕೊಬ್ಬರಿ, ಬೆಲ್ಲ ಎಂದು ಮಗು ತಡವರಿಸಿ ಹೇಳುವುದನ್ನು ಅತಿಥಿ ಕಿವಿಗೊಟ್ಟು ಕೇಳಿ ಬರೆದುಕೊಂಡಾಗ ಆ ಮಗುವಿಗೆ ಇಂಗ್ಲಿಷ್ ಒಂದು ವಿಷಯ ಎಂಬುದು ಮರೆತು, ಒಬ್ಬರಿಗೆ ಏನನ್ನೋ ತಿಳಿಸುವ ದಾರಿ ಎಂಬುದು ಹೊಳೆಯುತ್ತದೆ. ಅತಿಥಿಯ ಅಜ್ಞಾನವೇ ಅವರು ತರಬಹುದಾದ ದೊಡ್ಡ ಬಂಡವಾಳ. ಈವರೆಗಿನ ಮಾದರಿ ಪಾಠಗಳು ಅವರ ಜ್ಞಾನವನ್ನು ಮಾತ್ರ ಬಳಸಿಕೊಂಡಿವೆ.

ಅವರಿಂದ ಆಗದ ಕೆಲಸವೂ ಅಷ್ಟೇ ಸ್ಪಷ್ಟ. ಮಗು ಎದ್ದು ನಿಂತು “ಟು ಮಿ ಟೂ ಬ್ರದರ್ಸ್ ಆರ್” ಎಂದರೆ ಪರದೇಶದವರಿಗೆ ಅದು ಚೆಲ್ಲಾಪಿಲ್ಲಿಯಾದ ಪದಗಳ ರಾಶಿ. ನಮ್ಮ ಶಿಕ್ಷಕರಿಗೆ ಅದರೊಳಗೆ “ನನಗ ಇಬ್ರು ತಮ್ಮಂದ್ರು ಅದಾರ” ಎಂಬ ಪೂರ್ತಿ ಸರಿಯಾದ ಕನ್ನಡ ವಾಕ್ಯ ಕೇಳಿಸುತ್ತದೆ. ಮಗು ತಪ್ಪಿದ್ದು ಎಲ್ಲಿ, ಏಕೆ, ಅದನ್ನು ದಾಟಿಸುವುದು ಹೇಗೆ ಎಂಬುದನ್ನು ಕಾಣಬಲ್ಲವರು ಆ ಭಾಷೆಯನ್ನು ಉಂಡು ಬೆಳೆದವರು ಮಾತ್ರ. ಹುಕ್ಕೇರಿಯ ಕೆಲವು ಹಳ್ಳಿಗಳಲ್ಲಿ ಮಗುವಿನ ಮನೆಮಾತು ಮರಾಠಿಯೋ ಉರ್ದುವೋ ಆಗಿರುತ್ತದೆ. ಆಗ ದಾಟಬೇಕಾದ ಹೊಳೆಗಳು ಎರಡು. ಅಲ್ಲಿನ ಶಿಕ್ಷಕರು ದಿನವೂ ಮೂರು ಭಾಷೆಗಳ ನಡುವೆ ಓಡಾಡುತ್ತಾರೆ. ಆ ಕೌಶಲ ನಮ್ಮ ಯಾವ ವೀಕ್ಷಣಾ ನಮೂನೆಯಲ್ಲೂ ಅಂಕ ಪಡೆಯುವುದಿಲ್ಲ. ಪಾಠದಲ್ಲಿ ಕನ್ನಡ ಬಂದರೆ ಅದು ಕೊರತೆಯ ಖಾತೆಗೆ ಹೋಗುತ್ತದೆ. ಅತಿಥಿ ಬಂದ ದಿನ ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸುವುದು ಈ ತಪ್ಪು ತಿಳಿವಳಿಕೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಇಂಗ್ಲಿಷ್ ಬಂದರೆ ಕನ್ನಡ ಹೊರಗೆ, ಕನ್ನಡ ಇದ್ದರೆ ಇಂಗ್ಲಿಷ್ ಕಡಿಮೆ ಎಂಬ ಈ ಲೆಕ್ಕ ಈ ನೆಲದವರಿಗೆ ಒಪ್ಪುವಂಥದ್ದಲ್ಲ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ ಬಂದರು. ಮಕ್ಕಳ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲೇ ಆಗಬೇಕೆಂದು ಉದ್ದಕ್ಕೂ ವಾದಿಸಿದವರೂ ಅವರೇ. ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯನ್ನು ನಿರ್ದೇಶಕರಾಗಿ ಮುನ್ನಡೆಸಿದ ವಿ. ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು. 1981ರಲ್ಲಿ ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಸಿಗಬೇಕೆಂದು ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಇಂಗ್ಲಿಷನ್ನು ಆಳವಾಗಿ ಬಲ್ಲವರಿಗೆ ಕನ್ನಡದ ಭಯವಿರಲಿಲ್ಲ. ಭಯ ಇರುವುದು ನಮ್ಮ ನಮೂನೆಗಳಿಗೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆ ಬರುತ್ತದೆ, ಅದನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ನಮ್ಮ ಶಿಕ್ಷಕರ ಇಂಗ್ಲಿಷೇ ಸಾಲದು, ಒಬ್ಬರ ಪಾಠ ಇನ್ನೊಬ್ಬರು ನೋಡಿಕೊಂಡು ಏನು ಕಲಿತಾರು ಎಂಬುದು ಆ ಆಕ್ಷೇಪಣೆ. ಇದರಲ್ಲಿ ಸತ್ಯವಿದೆ. 2007-08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಆಗ ಪಾಠಕ್ಕೆ ನಿಂತವರಲ್ಲಿ ಬಹಳಷ್ಟು ಮಂದಿ ತಾವು ಐದನೇ ತರಗತಿಯಲ್ಲಿ ಮೊದಲ ಬಾರಿ ಎ, ಬಿ, ಸಿ, ಡಿ ಬರೆದವರು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ ಹೊರೆ ಇನ್ನೂ ಏರಿತು. ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಮೂವತ್ತು ದಿನದ ತರಬೇತಿ ಪಡೆದವರು ಅದರಿಂದ ಲಾಭವಾಯಿತು ಎನ್ನುತ್ತಾರೆ. ಅಂಥ ದೀರ್ಘ ತರಬೇತಿ ಬೇಕು, ಇನ್ನೂ ಹೆಚ್ಚು ಬೇಕು. ಆದರೆ ಭಾಷೆಯ ಕೊರತೆಗೆ ಮದ್ದು ಭಾಷೆಯ ಅಭ್ಯಾಸ. ಚೆನ್ನಾಗಿ ಮಾತಾಡುವವರನ್ನು ನಲವತ್ತು ನಿಮಿಷ ನೋಡುವುದರಿಂದ ಆ ಕೊರತೆ ತುಂಬುವುದಿಲ್ಲ, ನೋವಷ್ಟೇ ಹೆಚ್ಚುತ್ತದೆ. ಕಡಿಮೆ ಇಂಗ್ಲಿಷ್ ಇಟ್ಟುಕೊಂಡೂ ಒಳ್ಳೆಯ ಪಾಠ ಮಾಡುವುದು ಹೇಗೆ ಎಂಬುದನ್ನು ತೋರಿಸಬಲ್ಲವರು ಅಂಥದೇ ಇಂಗ್ಲಿಷ್ ಇಟ್ಟುಕೊಂಡು ಪಕ್ಕದ ಹಳ್ಳಿಯಲ್ಲಿ ಒಳ್ಳೆಯ ಪಾಠ ಮಾಡುತ್ತಿರುವವರು. ಅವರು ಯಾರೆಂದು ಪ್ರತಿ ಕ್ಲಸ್ಟರಿನಲ್ಲೂ ಎಲ್ಲರಿಗೂ ಗೊತ್ತಿರುತ್ತದೆ.

ಪರದೇಶದ ಇಂಗ್ಲಿಷ್ ಶಿಕ್ಷಕರನ್ನು ಸರ್ಕಾರವೇ ಕರೆಸಿಕೊಂಡ ದೇಶಗಳು ಈ ಪ್ರಶ್ನೆಯನ್ನು ಎದುರಿಸಿವೆ. ಜಪಾನ್ 1987ರಲ್ಲಿ ಜೆಟ್ ಕಾರ್ಯಕ್ರಮ ಆರಂಭಿಸಿದಾಗ ಮೊದಲ ವರ್ಷವೇ 848 ಮಂದಿ ಹೋದರು. ಕೊರಿಯ 1995ರಲ್ಲಿ, ಹಾಂಗ್‌ಕಾಂಗ್ 1998ರಲ್ಲಿ ತಮ್ಮ ತಮ್ಮ ಯೋಜನೆ ಶುರು ಮಾಡಿದವು. ಜಪಾನ್ ತನ್ನ ಶಾಲೆಗಳಿಗೆ ಬಂದವರನ್ನು ಕರೆದದ್ದೇ ಸಹಾಯಕ ಶಿಕ್ಷಕರೆಂದು. ಅಲ್ಲಿನ ಶಿಕ್ಷಕರ ಜೊತೆ ನಿಂತು ಪಾಠ ಮಾಡುವುದು ಅವರ ಕೆಲಸ. ತರಗತಿಯ ಹೊಣೆ ಅಲ್ಲಿನ ಶಿಕ್ಷಕರದೇ. ಆಚರಣೆಯಲ್ಲಿ ಇದು ಎಷ್ಟೋ ಕಡೆ ಕೆಟ್ಟಿದೆ, ಬಂದವರನ್ನು ಓಡಾಡುವ ಟೇಪ್ ರೆಕಾರ್ಡರಿನಂತೆ ಬಳಸಿದ ದೂರುಗಳಿವೆ. ಆದರೂ ತತ್ವ ಸರಿ.

ಜಪಾನಿನಿಂದ ಪಡೆಯಬೇಕಾದ ಪಾಠ ಇನ್ನೊಂದಿದೆ. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ‘ಪಾಠ ಸಂಶೋಧನೆ’ ಎಂಬ ಹಳೆಯ ರೂಢಿ ಇದೆ. ಶಿಕ್ಷಕರು ಕೂಡಿ ಒಂದೇ ಒಂದು ಪಾಠವನ್ನು ವಾರಗಟ್ಟಲೆ ಸಿದ್ಧಪಡಿಸುತ್ತಾರೆ. ಒಬ್ಬರು ಅದನ್ನು ಮಾಡುತ್ತಾರೆ, ಉಳಿದವರು ನೋಡುತ್ತಾರೆ, ಆಮೇಲೆ ಕೂತು ಬಿಡಿಸಿ ಮಾತಾಡುತ್ತಾರೆ. ಬೇಕಾದರೆ ತಿದ್ದಿ ಮತ್ತೆ ಮಾಡುತ್ತಾರೆ. ಪಾಠ ಎಲ್ಲರದೂ ಆದ್ದರಿಂದ ಅದು ಕೆಟ್ಟರೆ ಯಾರ ಮಾನವೂ ಹೋಗುವುದಿಲ್ಲ. ನೋಡುವವರ ಕಣ್ಣು ಶಿಕ್ಷಕರ ಮೇಲೆ ಇರುವುದಿಲ್ಲ, ಮಕ್ಕಳ ಮೇಲೆ ಇರುತ್ತದೆ. ಮೂರನೇ ಬೆಂಚಿನ ಹುಡುಗಿ ಯಾವಾಗ ಪುಸ್ತಕ ಮುಚ್ಚಿದಳು, ಕಡೆಯ ಸಾಲಿನ ಹುಡುಗ ಪಕ್ಕದವನನ್ನು ನೋಡಿ ಬರೆದದ್ದು ಯಾವ ಪ್ರಶ್ನೆಗೆ, ಇಂಥ ಸಂಗತಿಗಳು ಚರ್ಚೆಗೆ ಬರುತ್ತವೆ.

ನಮ್ಮಲ್ಲಿ ಇದಕ್ಕೆ ಬೇಕಾದ ಚೌಕಟ್ಟು ಸಿದ್ಧವಾಗಿಯೇ ಇದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ವಲಯಗಳು. ಪ್ರತಿ ವಲಯದಲ್ಲೂ ಬಿಆರ್‌ಸಿ ಇದೆ, ಕ್ಲಸ್ಟರ್ ಸಮಾಲೋಚನಾ ಸಭೆಗಳಿವೆ. ಹೊಸ ಸಮಿತಿ, ಹೊಸ ಅನುದಾನ ಬೇಕಿಲ್ಲ. ಬದಲಾಗಬೇಕಾದದ್ದು ಸಭೆಯ ಹೊತ್ತನ್ನು ಬಳಸುವ ರೀತಿ.

ಮೊದಲನೆಯದಾಗಿ, ತರಗತಿ ಇದ್ದ ಹಾಗೇ ಇರಲಿ. ಕಬ್ಬಿನ ಹಂಗಾಮಿನಲ್ಲಿ ಅರ್ಧ ಬೆಂಚು ಖಾಲಿ ಇದ್ದರೆ ಖಾಲಿಯೇ ಇರಲಿ. ಎರಡು ತರಗತಿಗಳನ್ನು ಕೂಡಿಸಿ ಪಾಠ ಮಾಡುವ ಶಾಲೆಯಲ್ಲಿ ಕೂಡಿಸಿಯೇ ಪಾಠವಾಗಲಿ. ಮಕ್ಕಳನ್ನು ಆರಿಸಿ ಕೂರಿಸಿದ ಪಾಠವನ್ನು ಮಾದರಿ ಎಂದು ಕರೆಯಬಾರದು. ಎರಡನೆಯದಾಗಿ, ಅತಿಥಿ ಯಾರೇ ಆಗಲಿ, ಕಾಯಂ ಶಿಕ್ಷಕರ ಜೊತೆ ಕೂತು ಪಾಠ ಸಿದ್ಧಪಡಿಸಲಿ, ಇಬ್ಬರೂ ಕೂಡಿ ಮಾಡಲಿ. ಕನ್ನಡ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಮೊದಲೇ ಯೋಚಿಸಿ ಇಟ್ಟುಕೊಳ್ಳಲಿ. ಮೂರನೆಯದಾಗಿ, ನೋಡಲು ಬಂದ ಪ್ರತಿ ಶಿಕ್ಷಕರಿಗೂ ಮೂರೋ ನಾಲ್ಕೋ ಮಕ್ಕಳನ್ನು ಹಂಚಿಕೊಡಬೇಕು. ಪಾಠ ಮುಗಿದ ಮೇಲೆ ಅವರು ಹೇಳಬೇಕಾದದ್ದು ಆ ಮಕ್ಕಳ ಸಂಗತಿ. ಪಾಠ ಮಾಡಿದವರಿಗೆ ಅಭಿನಂದನೆ ಹೇಳುವ ಹೊತ್ತನ್ನು ಅದಕ್ಕೆ ಕೊಡಬಹುದು. ನಾಲ್ಕನೆಯದಾಗಿ, ಆ ದಿನದ ಟಿಪ್ಪಣಿ ಯಾರ ಸೇವಾ ಕಡತಕ್ಕೂ ಹೋಗಬಾರದು. ನಮ್ಮ ಶಿಕ್ಷಕರ ಮನಸ್ಸಿನಲ್ಲಿ ವೀಕ್ಷಣೆ ಎಂದರೆ ಇವತ್ತಿಗೂ ಸಾಹೇಬರ ತಪಾಸಣೆಯೇ. ತಪಾಸಣೆಯ ನೆರಳಲ್ಲಿ ಯಾರೂ ಹೊಸದನ್ನು ಮಾಡಿ ನೋಡುವುದಿಲ್ಲ. ಗೊತ್ತಿದ್ದುದನ್ನೇ ಚೊಕ್ಕವಾಗಿ ಮಾಡಿ ಪಾರಾಗುತ್ತಾರೆ.

ಐದನೆಯದು ಎಲ್ಲಕ್ಕಿಂತ ಮುಖ್ಯ. ಮೊದಲ ಪಾಠದ ದಿನವೇ ಎರಡನೆಯ ಪಾಠದ ತಾರೀಖು ಗೊತ್ತಾಗಬೇಕು. ವಾರ ಹತ್ತು ದಿನದೊಳಗೆ ಅದೇ ತರಗತಿಯಲ್ಲಿ, ಆ ಪಾಠದ ಎಳೆಯನ್ನೇ ಹಿಡಿದು, ಕಾಯಂ ಶಿಕ್ಷಕರು ತಮ್ಮ ರೀತಿಯಲ್ಲಿ ಪಾಠ ಮಾಡಬೇಕು. ಮೊದಲ ಪಾಠ ನೋಡಿದವರೇ ಬಂದು ಇದನ್ನೂ ನೋಡಬೇಕು. ಪರದೇಶದ ಅತಿಥಿ ಅಷ್ಟು ದಿನ ಊರಲ್ಲಿದ್ದರೆ ಅವರೂ ಹಿಂದಿನ ಬೆಂಚಿನಲ್ಲಿ ಕೂರಲಿ. ತಮ್ಮ ಪಾಠದಲ್ಲಿ ಏನು ಉಳಿಯಿತು, ಏನು ಬಿದ್ದುಹೋಯಿತು, ಬಿದ್ದದ್ದರ ಜಾಗದಲ್ಲಿ ಇಲ್ಲಿನ ಶಿಕ್ಷಕರು ಏನನ್ನು ತಂದು ಕೂರಿಸಿದರು ಎಂಬುದನ್ನು ನೋಡುವುದು ಅವರಿಗೂ ಒಂದು ತರಬೇತಿ. ಅಂಥ ಅವಕಾಶ ಅವರಿಗೆ ಬೇರೆ ಎಲ್ಲೂ ಸಿಗುವುದು ಕಷ್ಟ.

ಇದರಿಂದ ಮಾದರಿ ಪಾಠಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ ಎಂದು ಯಾರಾದರೂ ಹೇಳಬಹುದು. ಇಳಿಯಲಿ. ವರ್ಷಕ್ಕೆ ಎಂಟು ಪಾಠಗಳನ್ನು ನೋಡಿ ಎಂಟನ್ನೂ ಮೆಚ್ಚಿ ಮರೆಯುವ ಶಿಕ್ಷಕರಿಗಿಂತ, ನಾಲ್ಕನ್ನು ನೋಡಿ ಎರಡನ್ನು ತಾವೇ ಮಾಡಿ ಅದರಲ್ಲಿ ಒಂದರಲ್ಲಿ ಎಡವಿದ ಶಿಕ್ಷಕರು ಮಕ್ಕಳಿಗೆ ಹೆಚ್ಚು ಉಪಯೋಗ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ ಮಾದರಿ ಪಾಠಕ್ಕೆ ಅನುಮತಿ ಕೊಡುವಾಗ ಒಂದೇ ಒಂದು ಷರತ್ತು ಹಾಕಿದರೆ ಸಾಕು: ಎರಡನೆಯ ಪಾಠದ ತಾರೀಖು, ಅದನ್ನು ಮಾಡುವ ಶಿಕ್ಷಕರ ಹೆಸರು ಅರ್ಜಿಯಲ್ಲೇ ಇರಬೇಕು, ಇಲ್ಲದಿದ್ದರೆ ಮೊದಲ ಪಾಠವೂ ಇಲ್ಲ. ಅದಾದ ಮೇಲೆ ಬರುವ ಅತಿಥಿ ಲಂಡನ್ನಿನವರೋ ಬೆಂಗಳೂರಿನವರೋ ಪಕ್ಕದ ಸಂಕೇಶ್ವರದವರೋ ಎಂಬ ಪ್ರಶ್ನೆಗೆ ಈಗಿರುವ ಮಹತ್ವ ತಾನಾಗಿ ಕಡಿಮೆಯಾಗುತ್ತದೆ.